ಜೂನ್ 5ಕ್ಕೆ ಸಸಿ ನೆಟ್ಟರೆ ಮುಗೀತಾ? ಚರ್ಚ್‌ನವರು ಪರಿಸರ ಅಹವಾಲಿಗೂ ಬರಬೇಕು

ಕಂಟೋನ್ಮೆಂಟ್ ಟೀಚರ್, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಭಾಗದ ಚರ್ಚ್‌ಗಳಲ್ಲಿ ಪರಿಸರ ಅಂದರೆ ಜೂನ್ 5. ಆರಾಧನೆ ಮುಗಿದ ಮೇಲೆ ಕಾಂಪೌಂಡಿನಲ್ಲಿ ಬೇವು, ಹೊಂಗೆ ನೆಡುತ್ತೇವೆ. ಯುವಜನ ಸಂಘದವರು ಫೋಟೋ ಹಾಕುತ್ತಾರೆ. ಅದು ಬೇಡ ಅಂತ ನಾನು ಹೇಳುವುದಿಲ್ಲ. ಬಳ್ಳಾರಿ ಬಿಸಿಲಲ್ಲಿ ಒಂದು ಬೇವಿನ ಮರದ ಬೆಲೆ ಏನು ಅಂತ ನಮಗೆಲ್ಲ ಗೊತ್ತು. ಆದರೆ ಗುಡ್ಡ ಎಷ್ಟು ಅಗೆಯಬೇಕು, ಕಾರ್ಖಾನೆ ಯಾವ ಊರ ಪಕ್ಕ ಬರಬೇಕು, ಕಾಲುವೆ ನೀರು ಯಾರ ಹೊಲಕ್ಕೆ ಮುಟ್ಟಬೇಕು ಅನ್ನುವುದೆಲ್ಲ ತೀರ್ಮಾನ ಆಗುವುದು ಬೇರೆ ಕಡೆ. ಡಿಸಿ ಆಫೀಸಿನಲ್ಲಿ, ಗ್ರಾಮ ಸಭೆಯಲ್ಲಿ, ಯೋಜನೆಗೆ ಅನುಮತಿ ಕೊಡುವ ಮೊದಲು ಜನರ ಮಾತು ಕೇಳಲು ಪೆಂಡಾಲ್ ಹಾಕಿ ನಡೆಸುವ ಪರಿಸರ ಅಹವಾಲು ಸಭೆಯಲ್ಲಿ. ಅಲ್ಲಿಗೆ ನಾವು ಹೋಗುವುದೇ ಅಪರೂಪ. ಹೋದರೂ ಹಿಂದಿನ ಕುರ್ಚಿಯಲ್ಲಿ ಕೂತು ಎದ್ದು ಬರುತ್ತೇವೆ.

2008ರಲ್ಲಿ, ಮತ್ತೆ 2011ರಲ್ಲಿ ಅಕ್ರಮ ಗಣಿಗಾರಿಕೆ ಬಗ್ಗೆ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ಲೋಕಾಯುಕ್ತ ವರದಿಗಳು ಬಂದವು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಕೋರ್ಟಿನ ಮೆಟ್ಟಿಲು ಹತ್ತಿದ್ದು ಸಮಾಜ ಪರಿವರ್ತನ ಸಮುದಾಯ ಅನ್ನುವ ಸಂಘಟನೆ. ಆ ವರ್ಷಗಳಲ್ಲಿ ಸಂಡೂರು ರಸ್ತೆಯಲ್ಲಿ ನಿಲ್ಲುತ್ತಿದ್ದ ಅದಿರು ಲಾರಿಗಳ ಸಾಲು ನೋಡಿದವರು ಅದನ್ನು ಮರೆಯುವುದಿಲ್ಲ. ನಾನು ಹೋಗುವ ಚರ್ಚ್‌ನಲ್ಲಿ ಆಗ ಮಳೆಗಾಗಿ ಪ್ರಾರ್ಥನೆ ಆಯ್ತು, ಪರೀಕ್ಷೆ ಬರೆಯುವ ಮಕ್ಕಳಿಗಾಗಿ ಆಯ್ತು. ಗಣಿಯ ಬಗ್ಗೆ ಒಂದು ಪ್ರಸಂಗ (ಉಪದೇಶ) ಕೇಳಿದ ನೆನಪಿಲ್ಲ. ಬೈಬಲಿನ ಧರ್ಮೋಪದೇಶಕಾಂಡದಲ್ಲಿ ನೆರೆಯವನ ಗಡಿಕಲ್ಲು ಸರಿಸಬೇಡ ಅಂತ ಇದೆ, ಸರಿಸಿದವನಿಗೆ ಶಾಪವೂ ಇದೆ. ಇಲ್ಲಿ ಕರ್ನಾಟಕ ಮತ್ತು ಆಂಧ್ರದ ಗಡಿ ಗುರುತೇ ಗಣಿಯ ಜಾಗದಲ್ಲಿ ಕಾಣೆಯಾಗಿ, ಸರ್ವೆ ಆಫ್ ಇಂಡಿಯಾದವರು ಬಂದು ಅಳೆಯಬೇಕಾಯಿತು. ಇದಕ್ಕಿಂತ ನೇರವಾಗಿ ಬೈಬಲ್ ನಮ್ಮ ಜಿಲ್ಲೆಯ ಜೊತೆ ಮಾತಾಡಬೇಕಾ?

ನಾನು ಹೇಳುವುದು ಇಷ್ಟು. ಪರಿಸರ ನೀತಿಯನ್ನು ನಾವು ಅಳೆಯಬೇಕಾದ್ದು ಎಲ್ಲರ ಒಳಿತಿನಿಂದ. ಎಲ್ಲರ ಒಳಿತು ಅಂದರೆ ಜಾಸ್ತಿ ಜನರ ಒಳಿತು ಅಂತ ಅರ್ಥ ಅಲ್ಲ. ಸಾವಿರ ಜನಕ್ಕೆ ಕೆಲಸ ಸಿಕ್ಕಿತು, ಐವತ್ತು ಮನೆಗೆ ಕೆಮ್ಮು ಬಂತು, ಕೂಡಿ ಕಳೆದರೆ ಲಾಭವೇ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. 1965ರಲ್ಲಿ ಕ್ಯಾಥೊಲಿಕ್ ಚರ್ಚ್‌ನ ಎರಡನೇ ವ್ಯಾಟಿಕನ್ ಮಹಾಸಭೆ ಇದನ್ನು ಬಿಡಿಸಿ ಹೇಳಿತು: ಒಬ್ಬೊಬ್ಬರೂ, ಒಂದೊಂದು ಗುಂಪೂ ತುಂಬು ಬಾಳು ಬಾಳಲು ಬೇಕಾದ ಸಾಮಾಜಿಕ ಪರಿಸ್ಥಿತಿಗಳೆಲ್ಲ ಸೇರಿ ಎಲ್ಲರ ಒಳಿತು. ನಾನು ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚ್‌ನವಳು, ಕ್ಯಾಥೊಲಿಕ್ ಅಲ್ಲ. ಆದರೂ ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಆ ಐವತ್ತು ಮನೆಗಳನ್ನು ಬಿಟ್ಟು ಎಲ್ಲರೂ ಅನ್ನುವ ಮಾತೇ ಇಲ್ಲ.

ಇನ್ನೊಂದು. ಒಂದನೇ ಅರಸುಗಳು 21 ತೆಗೆದು ಓದಿ. ರಾಜ ಅಹಾಬನ ಅರಮನೆ ಪಕ್ಕ ನಾಬೋತನ ದ್ರಾಕ್ಷಿತೋಟ. ರಾಜ ಹಣ ಕೊಡುತ್ತೇನೆ ಅಂದ, ಇದಕ್ಕಿಂತ ಒಳ್ಳೆಯ ತೋಟ ಕೊಡುತ್ತೇನೆ ಅಂದ. ನಾಬೋತ ಹಿರಿಯರ ಆಸ್ತಿ, ಕೊಡಲ್ಲ ಅಂದ. ಆಮೇಲೆ ರಾಣಿ ಈಜೆಬೆಲ್ ಏನು ಮಾಡಿದಳು ನೋಡಿ. ರಾಜಮುದ್ರೆ ಹಾಕಿ ಊರ ಹಿರಿಯರಿಗೆ ಪತ್ರ ಬರೆದಳು. ಉಪವಾಸ ಸಾರಿಸಿ ಸಭೆ ಸೇರಿಸಿದಳು. ಇಬ್ಬರು ಸುಳ್ಳು ಸಾಕ್ಷಿಗಳನ್ನು ಕೂರಿಸಿದಳು. ಕಾಗದದ ಮೇಲೆ ಒಂದೂ ತಪ್ಪಿಲ್ಲ. ಸಭೆ ನಡೆಯಿತು, ಸಾಕ್ಷಿ ಆಯ್ತು, ತೀರ್ಪು ಆಯ್ತು, ತೋಟ ಹೋಯ್ತು, ನಾಬೋತನ ಜೀವವೂ ಹೋಯ್ತು. ಆ ಸಭೆಯಲ್ಲಿ ಕೂತಿದ್ದ ಊರವರೆಲ್ಲ ಸುಮ್ನೆ ಇದ್ದರು. ಈ ಕಥೆ ಓದುವಾಗೆಲ್ಲ ನನಗೆ ಕಾಡುವುದು ರಾಣಿಗಿಂತ ಜಾಸ್ತಿ ಆ ಊರವರು.

ನಿಮ್ಮ ಕಡೆ ಹೇಗಿದೆ? ನಿಮ್ಮ ಚರ್ಚ್‌ನವರು ಇಂಥ ಸಭೆಗೆ ಹೋಗಿದ್ದಾರಾ? ಹೋಗಬಾರದು ಅನ್ನುವವರೂ ಬರೆಯಿರಿ.

ಗಿಣಿಗೇರಾ ಪಕ್ಕದೂರು, ಕೊಪ್ಪಳ

ಟೀಚರಕ್ಕ, ನಾನು ಹೋಗಿದ್ದೆ. ಮೊದಲು ನಮ್ಮ ಊರಿನ ಕಥೆ ಹೇಳ್ತೀನಿ.

ನಮ್ಮದು ಸಣ್ಣ ಚರ್ಚ್. ಕರ್ತನ ಭೋಜನದ ಮೇಜಿನ ಬಿಳಿ ಬಟ್ಟೆ ತೊಳೆಯುವ ಕೆಲಸ ನನ್ನದು. ಕಾರ್ಖಾನೆಯ ಕರಿ ಧೂಳಿನಿಂದ ಹೊರಗೆ ಒಣಹಾಕುವ ಹಾಗಿಲ್ಲ. ಒಳಗೇ ಹಗ್ಗ ಕಟ್ಟಿ, ಕಿಟಕಿ ಮುಚ್ಚಿ ಒಣಗಿಸುತ್ತೇನೆ. ಭಾನುವಾರ ಬೆಳಿಗ್ಗೆ ಹಾಸಿದ ಬಟ್ಟೆ, ಪ್ರಸಂಗ ಮುಗಿಯುವ ಹೊತ್ತಿಗೆ ಬೆರಳಾಡಿಸಿದರೆ ಗೆರೆ ಮೂಡುತ್ತದೆ. ಪಾತ್ರೆಯ ಮೇಲೆ ಹೊದಿಸಿದ ಬಟ್ಟೆಯನ್ನು ಅಯ್ಯನವರು (ನಮ್ಮ ಪಾಸ್ಟರ್) ಸುಮ್ನೆ ಎತ್ತುವುದಿಲ್ಲ. ನಾಲ್ಕೂ ಮೂಲೆ ಒಳಕ್ಕೆ ಮಡಚಿ, ಮೇಲಿನ ಕರಿ ಪುಡಿ ದ್ರಾಕ್ಷಾರಸಕ್ಕೆ ಉದುರದ ಹಾಗೆ ಎತ್ತುತ್ತಾರೆ. ಸಣ್ಣ ಮಕ್ಕಳು ಅದೂ ಆರಾಧನೆಯ ಒಂದು ಕ್ರಮ ಅಂದುಕೊಂಡಿದ್ದಾರೆ.

ಹೊಲದ್ದು ಇನ್ನೂ ಕಷ್ಟ. ಹತ್ತಿ ಅರಳಿದ ಮೇಲೆ ಬೆಳ್ಳಗೆ ಇರಬೇಕಲ್ವಾ? ನಮ್ಮ ಹತ್ತಿ ಗಿಡದಲ್ಲೇ ಮಾಸುತ್ತದೆ. ತಗೊಂಡು ಹೋದರೆ ರೇಟು ಕಡಿಮೆ ಮಾಡ್ತಾರೆ. ಜೋಳದ ಕಣಕಿ ಹಾಕಿದರೆ ಎತ್ತು ಮೂಸಿ ನೋಡಿ ಬಿಡುತ್ತದೆ, ಕೊಡವಿ, ತೊಳೆದು ಹಾಕಬೇಕು. ಸುಗ್ಗಿ ಹಬ್ಬಕ್ಕೆ ಚರ್ಚ್‌ಗೆ ಬೆಳೆ ತರುತ್ತೇವೆ, ಹರಾಜು ಹಾಕುತ್ತೇವೆ. ಅಲ್ಲಿ ಕರಿ ಹತ್ತಿಯ ಬುಟ್ಟಿಯನ್ನು ಮುಂದಿಡಲು ನಮ್ಮ ಅತ್ತೆಗೆ ಸಂಕೋಚ. ದೇವರಿಗೆ ಕೊಡುವುದು ಒಳ್ಳೆಯದಿರಬೇಕು ಅಂತ ಅವರು ಬೆಳೆದದ್ದು.

ಇನ್ನು ಅಹವಾಲು. ಒಂದು ಕಾರ್ಖಾನೆ ದೊಡ್ಡದು ಮಾಡುವುದಕ್ಕೆ ಸಭೆ ಕರೆದಿದ್ದರು. ಮುಂದಿನ ಸಾಲು ಪೂರ್ತಿ ನಮ್ಮ ಊರಿನವರಲ್ಲದ ಜನ. ಒಬ್ಬೊಬ್ಬರಾಗಿ ಎದ್ದು ಕಾರ್ಖಾನೆ ಬರಲಿ, ಕೆಲಸ ಬರಲಿ ಅಂದರು. ನಾನು ಕೈ ಎತ್ತಿದೆ, ಮೈಕ್ ಬಂತು, ಕಣಕಿ ವಿಷಯ ಶುರು ಮಾಡುವಷ್ಟರಲ್ಲಿ ಟೈಮ್ ಆಯ್ತು ಅಂತ ತಗೊಂಡರು. ನನ್ನ ಜೊತೆ ಚರ್ಚ್‌ನಿಂದ ಬಂದವರು ಯಾರೂ ಇರಲಿಲ್ಲ. ಒಬ್ಬಳೇ ನಿಂತಾಗ ಕಾಲು ನಡುಗುತ್ತದೆ ಅಕ್ಕ.

ಸಿ ಶಿಫ್ಟ್, ಬಳ್ಳಾರಿ ಜಿಲ್ಲೆ

ಅಕ್ಕಂದಿರಾ, ನಾನೂ ಚರ್ಚ್ ಹುಡುಗನೇ. ಸ್ಟೀಲ್ ಪ್ಲಾಂಟಿನಲ್ಲಿ ಕೆಲಸ. ನನ್ನ ಮಾತನ್ನೂ ಕೇಳಿ.

ನಮ್ಮಪ್ಪ ಬೇರೆಯವರ ಹೊಲದಲ್ಲಿ ಜೀತದ ಹಾಗೆ ದುಡಿದವರು. ಬರ ಬಿದ್ದಾಗ ಮನೆಮಂದಿಯೆಲ್ಲ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡ ಕೆಲಸ ಮಾಡಿದ್ದೇವೆ. ಈಗ ತಿಂಗಳಿಗೆ ಸಂಬಳ, ಪಿಎಫ್, ಇಎಸ್‌ಐ. ತಂಗಿ ನರ್ಸಿಂಗ್ ಮುಗಿಸಿದಳು. ಊರಲ್ಲಿ ಹೊಲ ಇದ್ದವರು ನಮ್ಮನ್ನು ಬಾಗಿಲ ಹೊರಗೆ ನಿಲ್ಲಿಸುತ್ತಿದ್ದರು. ಪ್ಲಾಂಟಿನ ಕ್ಯಾಂಟೀನ್‌ನಲ್ಲಿ ಎಲ್ಲರಿಗೂ ಒಂದೇ ಸಾಲು, ಒಂದೇ ತಟ್ಟೆ. ಇದು ನನ್ನ ಪಾಲಿಗೆ ಸಣ್ಣ ವಿಷಯ ಅಲ್ಲ. ನಾಬೋತನಿಗೆ ತೋಟ ಇತ್ತು. ನಮಗೆ ಅದೂ ಇರಲಿಲ್ಲ.

ಚರ್ಚ್‌ನವರು ಹೋಗಿ ಕಾರ್ಖಾನೆ ಬೇಡ ಅಂದರೆ, ನನ್ನಂಥವರು ಮತ್ತೆ ಗುಳೆ ಹೋಗಬೇಕಾ?

ಬ್ರದರ್, ಬಳ್ಳಾರಿ

ನಾನು ಗುರುವಿದ್ಯಾರ್ಥಿ, ಅಂದರೆ ಕ್ಯಾಥೊಲಿಕ್ ಪಾದ್ರಿಯಾಗಲು ಓದುತ್ತಿರುವವನು. ಸಿ ಶಿಫ್ಟ್ ಅಣ್ಣನ ಪ್ರಶ್ನೆಯೇ ಈ ಚರ್ಚೆಯ ನಡು ಅಂತ ನನಗೆ ಅನ್ನಿಸುತ್ತದೆ.

ಪೋಪ್ ಫ್ರಾನ್ಸಿಸ್ 2015ರ ಮೇ 24ರಂದು ಸಹಿ ಹಾಕಿದ ಲಾವ್ದಾತೊ ಸೀ ಪತ್ರ ಸೃಷ್ಟಿಯ ಬಗ್ಗೆ ಅಂತ ಎಲ್ಲರಿಗೂ ಗೊತ್ತು. ಅದರಲ್ಲಿ ದುಡಿಮೆಯ ಬಗ್ಗೆಯೂ ಒಂದು ಭಾಗ ಇದೆ. ಬಡವರಿಗೆ ಹಣ ಕೊಡುವುದು ತಾತ್ಕಾಲಿಕ, ಅವರು ದುಡಿದು ಗೌರವದಿಂದ ಬಾಳುವಂತಾಗುವುದೇ ಗುರಿ ಅನ್ನುತ್ತದೆ ಅದು. ಹಾಗಾಗಿ ಕೆಲಸದ ವಿರುದ್ಧ ಸೃಷ್ಟಿಯನ್ನು ನಿಲ್ಲಿಸುವುದು ಕ್ರೈಸ್ತ ನಿಲುವು ಅಲ್ಲ. ಪರಿಸರದ ಬಿಕ್ಕಟ್ಟು ಒಂದು, ಸಮಾಜದ ಬಿಕ್ಕಟ್ಟು ಇನ್ನೊಂದು ಅಂತ ಎರಡಿಲ್ಲ, ಇರುವುದು ಒಂದೇ ಅಂತಲೂ ಅಲ್ಲಿ ಬರೆದಿದೆ. ಗುಳೆ ಹೋಗುವ ಮನೆ, ಕರಿ ಹತ್ತಿಯ ಮನೆ ಎರಡೂ ಒಂದೇ ಲೆಕ್ಕದೊಳಗೆ ಬರಬೇಕು.

ಗಿಣಿಗೇರಾ ಅಕ್ಕ ಹೇಳಿದ ಸಭೆಯ ಬಗ್ಗೆಯೂ ಅದೇ ಪತ್ರದ 183ನೇ ಭಾಗದಲ್ಲಿ ಇದೆ. ಪರಿಸರ ಪರಿಣಾಮದ ಅಧ್ಯಯನ ಯೋಜನೆ ಪಕ್ಕಾ ಆದ ಮೇಲೆ ಮಾಡುವಂಥದ್ದಲ್ಲ, ಮೊದಲಿನಿಂದಲೇ ಜೊತೆಗಿರಬೇಕು, ಯಾರ ಒತ್ತಡಕ್ಕೂ ಸಿಗದೆ ಪಾರದರ್ಶಕವಾಗಿ ನಡೆಯಬೇಕು, ಚರ್ಚೆಯಲ್ಲಿ ಸ್ಥಳೀಯ ಜನರಿಗೆ ವಿಶೇಷ ಸ್ಥಾನ ಇರಬೇಕು. ಪೋಪರ ಪತ್ರದಲ್ಲಿ ಇಷ್ಟು ಸಣ್ಣ ಆಡಳಿತದ ವಿಷಯ ಯಾಕೆ ಬಂತು ಅಂತ ಮೊದಲ ಸಲ ಓದಿದಾಗ ಆಶ್ಚರ್ಯ ಆಗಿತ್ತು. ಅಕ್ಕನ ಕೈಯಿಂದ ಮೈಕ್ ಹೋದದ್ದನ್ನು ಓದಿದ ಮೇಲೆ ಕಾರಣ ಗೊತ್ತಾಯ್ತು.

ಸಿ ಶಿಫ್ಟ್, ಬಳ್ಳಾರಿ ಜಿಲ್ಲೆ

ಬ್ರದರ್, ಓದಲು ಚೆನ್ನಾಗಿದೆ. ನಡೆಯುವುದು ಹೇಗೆ?

ಕಂಟೋನ್ಮೆಂಟ್ ಟೀಚರ್, ಬಳ್ಳಾರಿ

ತಮ್ಮಾ, ನಿನ್ನ ಕ್ಯಾಂಟೀನ್ ಸಾಲಿನ ಮಾತು ನನ್ನ ಮನಸ್ಸಿಗೆ ತಾಕಿತು. ಅದನ್ನು ಬದಿಗಿಟ್ಟು ಮಾತಾಡುವ ಹಕ್ಕು ನಮಗ್ಯಾರಿಗೂ ಇಲ್ಲ.

ಆದರೆ ನಮ್ಮ ಮುಂದೆ ಇರುವುದು ಕಾರ್ಖಾನೆ ಬೇಕಾ ಬೇಡವಾ ಅನ್ನುವ ಒಂದೇ ಪ್ರಶ್ನೆ ಅಲ್ಲವಲ್ಲ. ಚಿಮಣಿಯ ಧೂಳು ಹಿಡಿಯುವ ಇಎಸ್‌ಪಿ ಯಂತ್ರ ಹಗಲು ಓಡಿದ ಹಾಗೆ ರಾತ್ರಿಯೂ ಓಡುತ್ತದಾ? ಅದಿರು ಟಾರ್ಪಾಲಿನ್ ಇಲ್ಲದ ಲಾರಿಯಲ್ಲಿ ಊರೊಳಗೆ ಹೋಗಬೇಕಾ, ಕನ್ವೇಯರ್ ಬೆಲ್ಟಿನಲ್ಲಿ ಹೋಗಬೇಕಾ? ಈಗಾಗಲೇ ಕಾರ್ಖಾನೆಗಳು ತುಂಬಿರುವ ಊರಿನ ಪಕ್ಕವೇ ಇನ್ನೊಂದು ಯಾಕೆ? ಇವೆಲ್ಲ ನೀತಿಯ ಪ್ರಶ್ನೆಗಳು. ಇವಕ್ಕೆ ಸರಿಯಾದ ಉತ್ತರ ಸಿಕ್ಕಿದರೆ ನಿನ್ನ ಕೆಲಸ ಹೋಗುವುದಿಲ್ಲ. ಧೂಳು ಮೊದಲು ಇಳಿಯುವುದು ನಿನ್ನ ಎದೆಯೊಳಗೇ ಅಲ್ವಾ?

ಸಂಡೂರು ಮೇಷ್ಟ್ರು

ನಾನು ಕ್ರೈಸ್ತನಲ್ಲ. ಓದುತ್ತಾ ಬಂದೆ, ಎರಡು ಮಾತು ಕೇಳಬೇಕು ಅನ್ನಿಸಿತು. ಯಾರೂ ತಪ್ಪು ತಿಳಿಯಬೇಡಿ.

ಮೊದಲನೆಯದು. ಭೂಮಿಯನ್ನು ವಶಮಾಡಿಕೊಳ್ಳಿ, ಪ್ರಾಣಿಗಳ ಮೇಲೆ ದೊರೆತನ ಮಾಡಿ ಅಂತ ನಿಮ್ಮ ಆದಿಕಾಂಡದ ಮೊದಲ ಅಧ್ಯಾಯದಲ್ಲೇ ಇದೆಯಲ್ಲ. 1967ರಲ್ಲಿ ಲಿನ್ ವೈಟ್ ಅನ್ನುವ ಇತಿಹಾಸಕಾರ ಸೈನ್ಸ್ ಪತ್ರಿಕೆಯಲ್ಲಿ ಇದನ್ನೇ ಎತ್ತಿ, ಇವತ್ತಿನ ಪರಿಸರ ಬಿಕ್ಕಟ್ಟಿನ ಬೇರು ಪಶ್ಚಿಮದ ಕ್ರೈಸ್ತ ಧರ್ಮದಲ್ಲಿದೆ ಅಂತ ಬರೆದ. ನಮ್ಮ ಕಡೆ ಗುಡ್ಡ ಅಂದರೆ ದೇವರು. ನಮ್ಮ ಸಂಡೂರಿನದು ಕುಮಾರಸ್ವಾಮಿ ದೇವರು ಇರುವ ಬೆಟ್ಟ.

ಎರಡನೆಯದು. ಕೊಪ್ಪಳದಲ್ಲಿ 2025ರ ಫೆಬ್ರವರಿ 24ರಂದು ಗವಿಮಠದ ಅಭಿನವ ಗವಿಸಿದ್ದೇಶ್ವರ ಸ್ವಾಮಿಗಳೇ ಬೀದಿಗಿಳಿದರು. ಹೊಸ ಉಕ್ಕಿನ ಕಾರ್ಖಾನೆ ಬೇಡ ಅಂತ ಇಡೀ ಊರು ಬಂದ್ ಆಯ್ತು. ಆಮೇಲೆ ಮುಖ್ಯಮಂತ್ರಿಗಳು ಕೆಲಸ ನಿಲ್ಲಿಸಲು ಸೂಚಿಸಿದರು. ಮಠದ ಮಾತಿಗೆ ಇಲ್ಲಿ ತೂಕ ಇದೆ. ನಿಮ್ಮ ಸಮುದಾಯ ಸಣ್ಣದು. ನೀವು ಬೇರೆಯಾಗಿ ದನಿ ಎತ್ತುವ ಅಗತ್ಯ ಏನು?

ಬ್ರದರ್, ಬಳ್ಳಾರಿ

ಮೇಷ್ಟ್ರೆ, ಒಳ್ಳೆಯ ಪ್ರಶ್ನೆ. ಲಿನ್ ವೈಟ್ ಹೇಳಿದ್ದರಲ್ಲಿ ಸತ್ಯ ಇದೆ, ಆ ವಾಕ್ಯ ಹಿಡಿದು ಲೂಟಿ ಮಾಡಿದವರು ಇದ್ದಾರೆ. ಆದರೆ ಅದೇ ಲೇಖನದ ಕೊನೆಯಲ್ಲಿ ಅವರು ಅಸ್ಸಿಸಿಯ ಸಂತ ಫ್ರಾನ್ಸಿಸರನ್ನು ಪರಿಸರವಾದಿಗಳ ಪಾಲಕ ಸಂತ ಅಂತ ಸೂಚಿಸಿದ್ದಾರೆ. 1979ರಲ್ಲಿ ಪೋಪ್ ಎರಡನೇ ಜಾನ್ ಪೌಲ್ ಅದನ್ನು ಅಧಿಕೃತವಾಗಿ ಘೋಷಿಸಿದರು.

ಇನ್ನು ದೊರೆತನ. ಬೈಬಲಿನಲ್ಲಿ ಒಳ್ಳೆಯ ದೊರೆ ಯಾರು ಅಂತ ಕೇಳಿದರೆ ಕೀರ್ತನೆ 72 ಉತ್ತರ ಕೊಡುತ್ತದೆ. ಮೊರೆಯಿಡುವ ಬಡವನನ್ನು ಬಿಡಿಸುವವನು. ಯಾಜಕಕಾಂಡ 25ರಲ್ಲಿ ದೇವರು ಭೂಮಿ ನನ್ನದು, ನೀವು ನನ್ನ ಹತ್ತಿರ ಇರುವ ಪರದೇಶಿಗಳು, ಪ್ರವಾಸಿಗಳು ಅಂತ ನೇರವಾಗಿ ಹೇಳುತ್ತಾನೆ. ಮಾರಿಕೊಳ್ಳಲು ನಮಗೆ ಕೊಟ್ಟದ್ದಲ್ಲ.

ಕಂಟೋನ್ಮೆಂಟ್ ಟೀಚರ್, ಬಳ್ಳಾರಿ

ಆ 25ನೇ ಅಧ್ಯಾಯದ ಮೇಲೆ ನಾನೂ ಸ್ವಲ್ಪ ಹೇಳಬೇಕು. ನನ್ನ ಪಾಲಿಗೆ ಪರಿಸರ ನೀತಿಗೆ ಬೈಬಲ್ ಕೊಡುವ ದೊಡ್ಡ ಕೊಡುಗೆ ಅಲ್ಲಿದೆ.

ಆರು ವರ್ಷ ಬಿತ್ತು, ಏಳನೇ ವರ್ಷ ಭೂಮಿಗೆ ವಿರಾಮ ಕೊಡು. ಆ ವರ್ಷ ತಾನಾಗಿ ಬೆಳೆದದ್ದು ಯಜಮಾನನಿಗೂ ಸೇರಬೇಕು, ಆಳಿಗೂ, ಕೂಲಿಯವನಿಗೂ, ಪರದೇಶಿಗೂ, ದನಕ್ಕೂ, ಕಾಡು ಮೃಗಕ್ಕೂ. ಗಮನಿಸಿ, ಇದು ಒಬ್ಬೊಬ್ಬ ರೈತನ ಒಳ್ಳೆಯತನಕ್ಕೆ ಬಿಟ್ಟ ವಿಷಯ ಆಗಿರಲಿಲ್ಲ. ಇಡೀ ನಾಡಿಗೆ ಕಾನೂನು. ಮಿತಿ ಹಾಕಿದ್ದು ದೇವರು, ಲಾಭದ ಪಟ್ಟಿಯಲ್ಲಿ ಕೊನೆಗೆ ನಿಂತವರ ಹೆಸರೂ ಬರೆದದ್ದು ದೇವರೇ.

ಈಗ ನಮ್ಮ ಜಿಲ್ಲೆ ನೋಡಿ. 2013ರ ಏಪ್ರಿಲ್ 18ರ ತೀರ್ಪಿನ ನಂತರ ಗಣಿ ಮತ್ತೆ ಶುರುವಾದಾಗ ವರ್ಷಕ್ಕೆ ಇಷ್ಟೇ ಅದಿರು ಅಂತ ಮಿತಿ ಇತ್ತು. ಬಳ್ಳಾರಿಗೆ 2.5 ಕೋಟಿ ಟನ್, ಚಿತ್ರದುರ್ಗ ಮತ್ತು ತುಮಕೂರಿಗೆ ಸೇರಿ 50 ಲಕ್ಷ ಟನ್. 2017ರಲ್ಲಿ ಬಳ್ಳಾರಿಯದು 2.8 ಕೋಟಿ ಆಯ್ತು, 2022ರಲ್ಲಿ 3.5 ಕೋಟಿ. ಏರಿಸಿದ್ದಕ್ಕೆ ಕಾರಣ ಕೊಟ್ಟಿದ್ದಾರೆ, ಉಕ್ಕಿನ ಬೇಡಿಕೆ ಇದೆ ಅನ್ನುವುದೂ ನಿಜ. ಆದರೆ ಒಂದು ಮಿತಿ ಇರಬೇಕು ಅನ್ನುವುದನ್ನು ನಾವು ಕೈಬಿಡಬಾರದು. ನಾಳೆ ಹುಟ್ಟುವ ಮಗುವಿಗೂ ಈ ಗುಡ್ಡದಲ್ಲಿ ಪಾಲಿದೆ. ಅಹವಾಲಿನಲ್ಲಿ ಆ ಮಗು ಕೈಯೆತ್ತುವುದಿಲ್ಲ. ಅದರ ಪರವಾಗಿ ಯಾರು ನಿಲ್ಲಬೇಕು? ದೇವರಿಗೆ ಹೆದರುವವರು ನಿಲ್ಲದಿದ್ದರೆ ಇನ್ಯಾರು?

ಮೇಷ್ಟ್ರೆ, ನಿಮ್ಮ ಎರಡನೇ ಪ್ರಶ್ನೆಗೆ: ಬೇರೆಯಾಗಿ ದನಿ ಎತ್ತಬೇಕು ಅಂತ ನನಗೂ ಇಲ್ಲ. ಸ್ವಾಮಿಗಳು ಇಳಿದಾಗ ಅವರ ಹಿಂದೆ ನಡೆಯಲು ನಮಗೆ ಸಂತೋಷವೇ. ಆದರೆ ನಮ್ಮ ಜನ ಯಾಕೆ ನಡೆಯುತ್ತಿದ್ದಾರೆ ಅನ್ನುವುದು ಅವರಿಗೆ ತಮ್ಮ ವಿಶ್ವಾಸದಿಂದಲೇ ಗೊತ್ತಿರಬೇಕು. ಇಲ್ಲದಿದ್ದರೆ ಒಂದು ದಿನ ಬರುತ್ತಾರೆ, ಮರುದಿನ ಮನೆಯಲ್ಲಿರುತ್ತಾರೆ. 1810ರಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು, ಕನ್ನಡಕ್ಕೆ ಬೈಬಲ್ ತರುವ ಕೆಲಸ ಇದೇ ಊರಲ್ಲಿ ನಡೆಯಿತು. ಇಷ್ಟು ವರ್ಷದಿಂದ ನಮ್ಮ ಭಾಷೆಯಲ್ಲಿ ಇರುವ ಪುಸ್ತಕ ನಮ್ಮ ಮಣ್ಣಿನ ಬಗ್ಗೆ ಏನು ಹೇಳುತ್ತದೆ ಅಂತ ನಾವೇ ಓದಬೇಕಲ್ವಾ?

ಸಂಡೂರು ಮೇಷ್ಟ್ರು

ಮಿತಿಯ ಮಾತು ಒಪ್ಪಿದೆ. ನಮ್ಮ ದೇವದಾರಿ ಗುಡ್ಡದ ಗಣಿ ವಿಷಯ 2024ರಲ್ಲಿ ದೊಡ್ಡ ಸುದ್ದಿಯಾಯ್ತು. ತೊಂಬತ್ತು ಸಾವಿರಕ್ಕೂ ಜಾಸ್ತಿ ಮರ ಹೋಗುತ್ತವೆ ಅನ್ನುವ ಲೆಕ್ಕ ಓದಿ ಇಲ್ಲಿನ ಹುಡುಗರು ನಿದ್ದೆಗೆಟ್ಟರು. ಮರಕ್ಕೆ ಬದಲು ಬೇರೆ ಕಡೆ ಸಸಿ ನೆಡುತ್ತೇವೆ ಅನ್ನುವ ಮಾತು ಆಗಲೂ ಬಂತು. ಟೀಚರ್ ಸಸಿಯಿಂದ ಶುರು ಮಾಡಿದ್ದು ಸರಿಯಾಗಿದೆ. ನೂರು ವರ್ಷದ ಕಾಡಿಗೆ ಸಸಿ ಬದಲಾಗುವುದಿಲ್ಲ.

ಮಾನ್ವಿ ಕೊನೆಭಾಗ

ಎಲ್ಲರೂ ಗುಡ್ಡ, ಧೂಳು ಅಂತಿದ್ದೀರಿ. ನೀರಿನ ಮಾತು ಯಾರೂ ಎತ್ತಲಿಲ್ಲ.

ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ. ಅಣೆಕಟ್ಟು 1953ರಲ್ಲಿ ಆದಾಗ 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಸುಮಾರು 105. ಇರುವ ನೀರಲ್ಲೂ ಮೇಲ್ಭಾಗದವರು ಭತ್ತ ಬೆಳೆಯುತ್ತಾರೆ. ಈ ಕಾಲುವೆ ಮಾಡಿದ್ದು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ, ಜಾಸ್ತಿ ಹೊಲ ತಣಿಯಲಿ ಅಂತ. ನಮಗೆ ಬರುವುದು ಕಾಲುವೆಯ ಹೆಸರು, ನೀರಲ್ಲ. ಬಂದರೂ ರಾತ್ರಿ ಎರಡು ಗಂಟೆಗೆ ತೂಬಿನ ಹತ್ತಿರ ಲಾಟೀನು ಹಿಡಿದು ಕಾಯಬೇಕು.

ಯೆಹೆಜ್ಕೇಲ 34, 18ನೇ ವಚನ. ಒಳ್ಳೆಯ ಹುಲ್ಲು ಮೇಯ್ದದ್ದು ಸಾಲದೆ ಮಿಕ್ಕದ್ದನ್ನು ತುಳಿಯುತ್ತೀರಾ, ತಿಳಿನೀರು ಕುಡಿದದ್ದು ಸಾಲದೆ ಮಿಕ್ಕದ್ದನ್ನು ಕಾಲಿನಿಂದ ಕದಡುತ್ತೀರಾ ಅಂತ ದೇವರು ಕೊಬ್ಬಿದ ಕುರಿಗಳಿಗೆ ಕೇಳುತ್ತಾನೆ. ಕುರಿಗಳು ಅಂದರೆ ಒಂದೇ ಮಂದೆಯವು ಮತ್ತೆ. ಹೊರಗಿನ ತೋಳಕ್ಕೆ ಹೇಳಿದ ಮಾತಲ್ಲ ಇದು. ನಮ್ಮ ಚರ್ಚ್‌ನಲ್ಲಿ ಒಬ್ಬ ಸಹೋದರರು ಈ ಭಾಗ ಓದಿದಾಗ ನಾನು ಅಲ್ಲೇ ಕಣ್ಣೀರು ಹಾಕಿದೆ.

ಕಾರಟಗಿ ಭತ್ತ

ಅಣ್ಣ, ನಾನು ಮೇಲ್ಭಾಗದವನು, ನಾನೂ ವಿಶ್ವಾಸಿ. ಕದಡುವ ಕುರಿ ಅಂತ ಓದಿ ಬೇಜಾರಾಯ್ತು.

ನಮ್ಮ ಹೊಲಕ್ಕೆ ಈಗ ಬೇರೆ ಬೆಳೆ ಹಾಕುವುದು ಸುಲಭ ಇಲ್ಲ. ಇಷ್ಟು ವರ್ಷ ನೀರು ನಿಂತು ಅಕ್ಕಪಕ್ಕ ಸವಳು ಏರಿದೆ. ಸುತ್ತಲೂ ಭತ್ತ ಇರುವಾಗ ನಡುವೆ ಒಂದು ಹೊಲದಲ್ಲಿ ಹತ್ತಿ ಹಾಕಿದರೆ ಬಸಿ ನೀರಿಗೆ ಬೇರು ಕೊಳೆಯುತ್ತದೆ. ರೈಸ್‌ಮಿಲ್, ಸಾಲ, ಗೊಬ್ಬರದ ಅಂಗಡಿ ಎಲ್ಲ ಭತ್ತದ ಸುತ್ತಲೇ ಇವೆ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದ ರಾತ್ರಿ ನಾವೂ ನಿದ್ದೆ ಮಾಡಲಿಲ್ಲ. ಒಬ್ಬನೇ ಒಳ್ಳೆಯವನಾದರೆ ನಿಮಗೆ ಒಂದು ಹನಿಯೂ ಜಾಸ್ತಿ ಮುಟ್ಟುವುದಿಲ್ಲ. ಒಂದು ಉಪಕಾಲುವೆಯವರೆಲ್ಲ ಸೇರಿ ಬೆಳೆ ಬದಲಿಸಬೇಕು. ಜೋಳಕ್ಕೆ, ತೊಗರಿಗೆ ಸರ್ಕಾರ ಖರೀದಿ ಖಾತ್ರಿ ಕೊಡಬೇಕು. ಅಂಥ ನೀತಿ ಬಂದರೆ ನಾನು ಮೊದಲ ಸಹಿ ಹಾಕುತ್ತೇನೆ.

ಮಾನ್ವಿ ಕೊನೆಭಾಗ

ತಮ್ಮಾ, ನಿನ್ನ ಮನಸ್ಸು ನೋಯಿಸಬೇಕು ಅಂತ ಬರೆದದ್ದಲ್ಲ. ನೀನು ಹೇಳಿದ್ದು ಸರಿ ಇದೆ. ನಮ್ಮ ಕಡೆಯವರು, ನಿಮ್ಮ ಕಡೆಯವರು ಒಟ್ಟಿಗೆ ಕೂತು ಮಾತಾಡಿದ್ದೇ ಇಲ್ಲ, ಬರೀ ರಸ್ತೆ ತಡೆ ಮಾಡಿದ್ದೇವೆ. ಎರಡೂ ಕಡೆ ಚರ್ಚ್ ಇವೆಯಲ್ಲ. ಅಲ್ಲಾದರೂ ಕೂರಬಹುದು.

ಶಕ್ತಿನಗರ ಕ್ವಾರ್ಟರ್ಸ್, ರಾಯಚೂರು

ನಾನು ಮೆಥೊಡಿಸ್ಟ್. 1985ರಿಂದ ಇಲ್ಲಿನ ಶಾಖೋತ್ಪನ್ನ ಕೇಂದ್ರ ರಾಜ್ಯಕ್ಕೆ ಕರೆಂಟು ಕೊಡುತ್ತಿದೆ, ಈಗ 1720 ಮೆಗಾವಾಟ್ ಸಾಮರ್ಥ್ಯ. ಬೆಂಗಳೂರಿನ ದೀಪ ಉರಿಯುವಾಗ ಹಾರುಬೂದಿ ಉಳಿಯುವುದು ನಮ್ಮ ಕಡೆ. ಎಲ್ಲರ ಒಳಿತು ಅನ್ನುವಾಗ ದೂರದ ಊರಲ್ಲಿ ಸ್ವಿಚ್ ಹಾಕುವವರ ಹೊಣೆಯನ್ನೂ ಸೇರಿಸಿ. ಈ ರಾಯಚೂರಿನಲ್ಲೇ 2022ರಲ್ಲಿ ನಲ್ಲಿಯ ಕೊಳಕು ನೀರು ಕುಡಿದು ಜನ ಸತ್ತರು. ಇಷ್ಟು ಕರೆಂಟು ಕೊಡುವ ಜಿಲ್ಲೆಗೆ ಶುದ್ಧ ನೀರು ಕೊಡಲು ಆಗಲಿಲ್ಲ.

ಅಯ್ಯನವರ ಮಗ, ಕೊಪ್ಪಳ

ಹೋಗಬಾರದು ಅನ್ನುವವರೂ ಬರೆಯಿರಿ ಅಂದಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ.

ಊರಿಗೆ ನಾಲ್ಕೈದು ಮನೆ ನಾವು. ನಮ್ಮ ತಂದೆ ಮೂರು ಹಳ್ಳಿಯ ಚರ್ಚ್ ಸಭೆ ನೋಡಿಕೊಳ್ಳುತ್ತಾರೆ. ಅವರು ಅಹವಾಲಿನಲ್ಲಿ ಎದ್ದು ಮಾತಾಡಿದರೆ ಮರುದಿನ ಏನಂತಾರೆ? ಹೊರದೇಶದ ಹಣ, ಅಭಿವೃದ್ಧಿ ವಿರೋಧಿ, ಮತಾಂತರ. ಪ್ರಾರ್ಥನೆಗೆ ಸೇರುವುದೇ ಕಷ್ಟ ಆಗಬಹುದು. ಟೀಚರ್ ಅವರಿಗೆ ಪೇಟೆಯಲ್ಲಿ ಇದು ಗೊತ್ತಾಗುವುದಿಲ್ಲ. ಧೈರ್ಯ ಇಲ್ಲ ಅಂತ ಅಂದುಕೊಳ್ಳಬೇಡಿ. ಕಾಯಬೇಕಾದ ಜನ ಇದ್ದಾರೆ.

ಕಂಟೋನ್ಮೆಂಟ್ ಟೀಚರ್, ಬಳ್ಳಾರಿ

ತಮ್ಮಾ, ನೀನು ಹೇಳಿದ ಭಯ ನಿಜವಾದ ಭಯ. ಅದನ್ನು ಇಲ್ಲಿ ಬರೆದದ್ದಕ್ಕೆ ನಿನಗೆ ವಂದನೆ.

ನಿಮ್ಮ ತಂದೆಯವರು ಒಬ್ಬರೇ ಎದ್ದು ನಿಲ್ಲಬೇಕು ಅಂತ ನಾನು ಕೇಳುವುದಿಲ್ಲ. ಅಯ್ಯನವರು ವೇದಿಕೆ ಹತ್ತುವ ಅಗತ್ಯವೇ ಇಲ್ಲ. ಆ ಹೊಲ, ಆ ಕೆರೆ, ಆ ಗಾಳಿ ಚರ್ಚ್ ಸಭೆಯ ಜನರದ್ದು. ಅವರು ಊರವರಾಗಿ ಹೋಗಲಿ. ಮಠದ ಭಕ್ತರ ಜೊತೆ, ದರ್ಗಾಕ್ಕೆ ನಡೆದುಕೊಳ್ಳುವವರ ಜೊತೆ, ದೇವಸ್ಥಾನದ ಕಮಿಟಿಯವರ ಜೊತೆ ಹೋಗಲಿ. ಧೂಳು ಯಾರ ಜಾತಿಯನ್ನೂ ಕೇಳುವುದಿಲ್ಲ. ಚರ್ಚ್ ಮಾಡಬೇಕಾದ್ದು ಹಿಂದೆ ನಿಂತು ಮಾಡುವ ಕೆಲಸ: ನೋಟಿಸು ಬಂದಾಗ ಭಾನುವಾರ ಪ್ರಕಟಣೆಯಲ್ಲಿ ಓದಿ ಹೇಳುವುದು, ವರದಿ ತರಿಸಿ ಓದಿಸುವುದು, ಗಿಣಿಗೇರಾ ಅಕ್ಕ ಮಾತಾಡುವಾಗ ಅವರ ಪಕ್ಕ ಹತ್ತು ಜನ ಹೆಂಗಸರು ನಿಲ್ಲುವ ಹಾಗೆ ನೋಡಿಕೊಳ್ಳುವುದು. ಪೇಟೆಯ ದೊಡ್ಡ ಸಭೆಗಳು ತಮ್ಮ ಹೆಸರಲ್ಲಿ ಪತ್ರ ಬರೆಯಲಿ. ಅವರಿಗೆ ಆ ಬಲ ಇದೆ, ಹಳ್ಳಿಯ ನಾಲ್ಕು ಮನೆಯ ಮೇಲೆ ಭಾರ ಹಾಕಬಾರದು.

ಬ್ರದರ್, ಬಳ್ಳಾರಿ

ಒಂದು ಸಾಲು ಸೇರಿಸುತ್ತೇನೆ. ಲಾವ್ದಾತೊ ಸೀ 188ರಲ್ಲಿ, ವಿಜ್ಞಾನದ ಪ್ರಶ್ನೆಗಳನ್ನು ತೀರ್ಮಾನಿಸುವುದು, ರಾಜಕೀಯದ ಜಾಗ ತೆಗೆದುಕೊಳ್ಳುವುದು ಚರ್ಚ್‌ನ ಕೆಲಸ ಅಲ್ಲ, ಪ್ರಾಮಾಣಿಕ ಮುಕ್ತ ಚರ್ಚೆ ನಡೆಯಲಿ ಅನ್ನುವುದೇ ನಮ್ಮ ಕಾಳಜಿ ಅಂತ ಇದೆ. ಯಾರಾದರೂ ರಾಜಕೀಯ ಮಾಡುತ್ತೀರಿ ಅಂದರೆ ಇದನ್ನು ಹೇಳಬಹುದು.

ವಕೀಲರು, ರಾಯಚೂರು

ಕಾನೂನು ಏನು ಹೇಳುತ್ತದೆ ಅಂತ ಸ್ವಲ್ಪ ಬರೆಯುತ್ತೇನೆ, ಉಪಯೋಗಕ್ಕೆ ಬರಬಹುದು.

ಅಹವಾಲು ಸಭೆ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ನಡೆಯುತ್ತದೆ. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ನೋಟಿಸು ಬರಬೇಕು, ಅದರಲ್ಲಿ ಒಂದು ಸ್ಥಳೀಯ ಭಾಷೆಯ ಪತ್ರಿಕೆ ಆಗಿರಬೇಕು. ಕರಡು ವರದಿ ಮತ್ತು ಕನ್ನಡದ ಸಾರಾಂಶ ಡಿಸಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಜನರಿಗೆ ನೋಡಲು ಸಿಗಬೇಕು. ಡಿಸಿ ಅಥವಾ ಅವರು ನೇಮಿಸಿದ, ಹೆಚ್ಚುವರಿ ಜಿಲ್ಲಾ ಮ್ಯಾಜಿಸ್ಟ್ರೇಟ್ (ಎಡಿಎಂ) ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಅಧ್ಯಕ್ಷತೆ ವಹಿಸಬೇಕು, ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರತಿನಿಧಿ ಜೊತೆಗಿರಬೇಕು. ಇಡೀ ಸಭೆಯ ವಿಡಿಯೊ ಆಗಬೇಕು. ಕೊನೆಯಲ್ಲಿ ಜನ ಎತ್ತಿದ ವಿಷಯಗಳನ್ನು ಕನ್ನಡದಲ್ಲಿ ಓದಿ ಹೇಳಬೇಕು. ಈ ಓದಿ ಹೇಳುವ ಹೊತ್ತಿಗೆ ಜನ ಊಟಕ್ಕೆ ಎದ್ದು ಹೋಗಿರುತ್ತಾರೆ. ಹೋಗಬೇಡಿ, ಕೂತಿರಿ. ನಿಮ್ಮ ಮಾತು ಪಟ್ಟಿಯಲ್ಲಿ ಇಲ್ಲದಿದ್ದರೆ ಅಲ್ಲೇ ಹೇಳಿ.

ಇನ್ನೊಂದು ಮುಖ್ಯ ವಿಷಯ. ಸಭೆ ಶುರು ಮಾಡಲು ಇಷ್ಟೇ ಜನ ಇರಬೇಕು ಅನ್ನುವ ಕೋರಂ ಇಲ್ಲ. ನೀವು ಬರದಿದ್ದರೂ ಸಭೆ ನಡೆಯುತ್ತದೆ, ನಡೆಯಿತು ಅಂತ ದಾಖಲೆಯೂ ಆಗುತ್ತದೆ. ಟೀಚರ್ ಹೇಳಿದ ನಾಬೋತನ ಕಥೆ ನನಗೆ ಗೊತ್ತಿರಲಿಲ್ಲ. ಓದಿ ಬೆಚ್ಚಿದೆ.

ಗಣಿ ಇರುವ ಜಿಲ್ಲೆಗಳಲ್ಲಿ ಗಣಿಯಿಂದ ನೊಂದ ಜನರಿಗಾಗಿ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ ಇದೆ. ಗಣಿ ಕಾಯ್ದೆಯ 2015ರ ತಿದ್ದುಪಡಿಯಿಂದ ಬಂದದ್ದು. ಹಳೆಯ ಗುತ್ತಿಗೆದಾರರು ರಾಜಧನದ (ಸರ್ಕಾರಕ್ಕೆ ಕಟ್ಟುವ ರಾಯಲ್ಟಿಯ) ಶೇ 30, ಹರಾಜಿನಲ್ಲಿ ಪಡೆದವರು ಶೇ 10ರಷ್ಟನ್ನು ಇದಕ್ಕೆ ಕಟ್ಟಬೇಕು. ಕುಡಿಯುವ ನೀರು, ಆರೋಗ್ಯ, ಪರಿಸರ, ಶಿಕ್ಷಣಕ್ಕೆ ಕನಿಷ್ಠ ಶೇ 60 ಅಂತ ಆಗಿನ ಮಾರ್ಗಸೂಚಿ ಹೇಳಿತ್ತು. ಗ್ರಾಮ ಸಭೆಯಲ್ಲಿ ಇದನ್ನು ಕೇಳುವವರು ಬೇಕು.

ಸಿ ಶಿಫ್ಟ್, ಬಳ್ಳಾರಿ ಜಿಲ್ಲೆ

ವಕೀಲರೆ, ಕೆಲಸಗಾರರೂ ಬರೆದು ಕೊಡಬಹುದಾ? ಸ್ಪಾಂಜ್ ಐರನ್ ಘಟಕಗಳಲ್ಲಿ ಗುತ್ತಿಗೆಯಲ್ಲಿರುವ ನಮ್ಮ ಹುಡುಗರಿಗೆ ಒಳ್ಳೆಯ ಮಾಸ್ಕ್ ಕೂಡ ಇಲ್ಲ. ಒಳಗಿನ ಧೂಳಿನ ಬಗ್ಗೆ ವರದಿಯಲ್ಲಿ ಏನು ಬರೆಯುತ್ತಾರೆ ಅಂತ ನೋಡಬೇಕು. ಹೆಸರು ಹಾಕಿದರೆ ಕೆಲಸ ಹೋಗುತ್ತದೆ. ಚರ್ಚ್ ಹೆಸರಲ್ಲಿ ಕೊಟ್ಟರೆ ಆಗುತ್ತಾ?

ವಕೀಲರು, ರಾಯಚೂರು

ಆಗುತ್ತದೆ. ಯೋಜನೆಯ ಬಗ್ಗೆ ಕಾಳಜಿ ಇರುವ ಯಾರು ಬೇಕಾದರೂ ಲಿಖಿತವಾಗಿ ಕೊಡಬಹುದು, ಸಂಘ ಸಂಸ್ಥೆಗಳೂ ಕೊಡಬಹುದು.

ಗಿಣಿಗೇರಾ ಪಕ್ಕದೂರು, ಕೊಪ್ಪಳ

ಮೊನ್ನೆ ಇನ್ನೊಂದು ನೋಟಿಸು ಬಂದಿದೆ. ನಾನು, ಅಯ್ಯನವರ ಹೆಂಡತಿ, ಪಕ್ಕದ ಮನೆಯ ಗವಿಮಠದ ಭಕ್ತೆ ಒಬ್ಬರು ಸೇರಿ ಡಿಸಿ ಕಚೇರಿಗೆ ಹೋಗಿ ಸಾರಾಂಶ ಓದಿದೆವು. ಕನ್ನಡದಲ್ಲೇ ಇದೆ. ನೀರಿನ ಭಾಗದಲ್ಲಿ ಸುತ್ತಲಿನ ಕೆರೆಗಳ ಪಟ್ಟಿ ಕೊಟ್ಟಿದ್ದಾರೆ. ನಮ್ಮ ಊರ ಕೆರೆ ಅದರಲ್ಲಿ ಇಲ್ಲವೇ ಇಲ್ಲ. ದನ ನೀರು ಕುಡಿಯುವುದೇ ಆ ಕೆರೆಯಲ್ಲಿ. ವಕೀಲರೆ, ಇದನ್ನು ಸಭೆಯ ದಿನದವರೆಗೆ ಕಾಯದೆ ಈಗಲೇ ಬರೆದು ಕೊಡಬಹುದಾ? ಯಾರ ಹೆಸರಿಗೆ ಬರೆಯಬೇಕು?

ವಕೀಲರು, ರಾಯಚೂರು

ಈಗಲೇ ಕೊಡಿ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆದು ಕೊಪ್ಪಳದ ಕಚೇರಿಯಲ್ಲಿ ಕೊಡಿ, ಒಂದು ಪ್ರತಿ ಜಿಲ್ಲಾಧಿಕಾರಿಗೆ. ಕೆರೆಯ ಸರ್ವೆ ನಂಬರ್ ಪಹಣಿಯಲ್ಲಿ ನೋಡಿ ಬರೆಯಿರಿ, ಕೆರೆಯ ಫೋಟೋ ಅಂಟಿಸಿ. ನಿಮ್ಮ ಹತ್ತಿರ ಉಳಿಯುವ ಪ್ರತಿಯ ಮೇಲೆ ತಾರೀಖು ಸಮೇತ ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಬರಬೇಡಿ.

ಅಯ್ಯನವರ ಮಗ, ಕೊಪ್ಪಳ

ಅಕ್ಕ, ಪತ್ರ ಟೈಪ್ ಮಾಡಿಕೊಡುವ ಕೆಲಸ ನನಗೆ ಬಿಡಿ. ಸೋಮವಾರ ಪಹಣಿ ತೆಗೆಸಿಕೊಂಡು ಬರುತ್ತೇನೆ.